ತಿಂಗಳು ಎಂದವಳು ನೀನು

ಸೆಲ್ವಿ, ತಪ್ಪು ನಿನ್ನದಲ್ಲ. ನನ್ನ ಅಮ್ಮನ ಪದ್ಯದ ಮೂರನೆಯ ಸಾಲನ್ನು ನೀನು ಸರಿಯಾಗಿಯೇ ಹೇಳಿದ್ದೆ. ಅದು ನನಗೆ ಗೊತ್ತಿತ್ತು — ಅಥವಾ ಗೊತ್ತಿರಬೇಕಾಗಿತ್ತು. ಈ ಎರಡರ ನಡುವೆ ಮೂರು ವರ್ಷ ಅಡಗಿ ಕೂತಿದ್ದೇನೆ.

ಭಾನುವಾರದ ದೋಸೆಗೆ ಮೊದಲು ಮನೆಯವರೆಲ್ಲ ಸೇರಿ ಪದ್ಯ ಹೇಳುವ ರೂಢಿ ಅಮ್ಮನದು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಯಾರಾದರೂ ತಪ್ಪಿದರೆ ಮತ್ತೆ ಮೊದಲಿನಿಂದ. ಪದ್ಯ ಮುಗಿಯದೆ ಯಾರೂ ದೋಸೆ ಮುಟ್ಟುವಂತಿಲ್ಲ. ಅಮ್ಮ ಹೋದ ಮೇಲೆ ಜೀವನ್ ಬಿಮಾ ನಗರದ ಈ ಮನೆಯಲ್ಲಿ ಅದನ್ನು ಉಳಿಸಿದವಳು ನೀನು, ನಾನಲ್ಲ. ಹಲಸೂರಿನ ತಮಿಳು ಮನೆಯಿಂದ ಮದುವೆಯಾಗಿ ಬಂದ ನೀನು, ಮಗಳು ಇಂಚರ ಹುಟ್ಟಿದಾಗ ತೊಟ್ಟಿಲ ಪಕ್ಕ ಅಮ್ಮನ ಜೊತೆ ಕೂತು, ಅವಳೇ ಕಟ್ಟಿದ ಆ ನಾಲ್ಕು ಸಾಲನ್ನು ಕೇಳಿ ಕೇಳಿ ಕಲಿತೆ. ಎಲ್ಲೂ ಬರೆದಿಟ್ಟದ್ದಲ್ಲ ಅದು.

‘ಕೆರೆಯ ನೀರು ಕಪ್ಪಾಯ್ತು’ — ಇಂಚರಳದು. ‘ಕೊಕ್ಕರೆ ಮರಕೆ ಒಪ್ಪಾಯ್ತು’ — ಅಪ್ಪುವಿನದು. ಮಗನಿಗೆ ಆಗಿನ್ನೂ ಮೂರು ವರ್ಷ, ‘ಕೊಕ್ಕಯೆ’ ಎನ್ನುತ್ತಿದ್ದ. ಮೂರನೆಯದು ನಿನ್ನದು: ‘ತಿಂಗಳು ಬಂತು ಅಂಗಳಕೆ.’ ಕೊನೆಯದು ನನ್ನದು: ‘ತಟ್ಟೆಯ ಹಿಡಿಯೋ ಬೆಳಕಿಗೆ.’

ಮೂರು ವರ್ಷದ ಹಿಂದಿನ ಆ ಭಾನುವಾರ ನನ್ನ ಜೊತೆ ಕನ್ನಡ ಎಂ.ಎ. ಓದಿದ ಗೆಳೆಯ ತಿಂಡಿಗೆ ಬಂದಿದ್ದ. ನೀನು ಸಾಲು ಹೇಳಿದ ಕೂಡಲೇ ಅವನು ಹುಬ್ಬೇರಿಸಿದ — ಏರಿಸಿದನೇ? ಈಗ ಖಚಿತವಿಲ್ಲ. ನಾನು ಬಾಯಿ ಹಾಕಿದ್ದು ಖಚಿತ.

“ತಿಂಗಳು ಅಲ್ಲ ಕಣೇ, ಅದು ನಿಮ್ಮ ತಮಿಳು. ನಮ್ಮಲ್ಲಿ ತಿಂಗಳು ಇರೋದು ಕ್ಯಾಲೆಂಡರ್‌ನಲ್ಲಿ. ಚಂದಿರ ಅನ್ನು.”

“ಅತ್ತೆ ಹಿಂಗೇ ಹೇಳ್ತಿದ್ರು ರೀ.”

“ನಿನ್ನ ಅತ್ತೆ ನನಗೆ ಅಮ್ಮ. ನನಗೆ ಗೊತ್ತಿಲ್ವಾ?”

ಗೆಳೆಯ ಜೋರಾಗಿ ನಕ್ಕ. ನೀನು “ಸರಿ, ಚಂದಿರ” ಎಂದು ಕಾವಲಿಯ ಕಡೆ ಹೋದೆ. ಮುಂದಿನ ವಾರದಿಂದ ನಿನ್ನ ಸರದಿ ಬರುವ ಹೊತ್ತಿಗೆ ಕಾವಲಿಯ ಮೇಲೆ ತಪ್ಪದೆ ಒಂದು ದೋಸೆ ಇರುತ್ತಿತ್ತು. “ನೀವೇ ಹೇಳ್ಬಿಡಿ, ಇದು ಸೀದು ಹೋಗುತ್ತೆ.” ನಾನೂ ಹೇಳಿಬಿಟ್ಟೆ. ವಾರವಾರವೂ.

ಮಗಳ ಕಿವಿ ಮಾತ್ರ ಒಪ್ಪಲಿಲ್ಲ. “ಅಪ್ಪ, ಚಂದಿರ ಅಂದ್ರೆ ಅಂಗಳದ ಜೊತೆ ಕುಂಟುತ್ತೆ. ಅಮ್ಮಂದೇ ಚೆನ್ನಾಗಿತ್ತು.” ಇನ್ನೊಂದು ದಿನ, “ಬೆಳದಿಂಗಳು ಅಂತೀವಲ್ಲ, ಅದರೊಳಗೆ ಇರೋದು ಯಾವ ತಿಂಗಳು?” ಎಂದಳು. ಏಳು ವರ್ಷದ ಹುಡುಗಿ. ನಾನು ಚಟ್ನಿ ಕೇಳಿದೆ.

ಕಳೆದ ವರ್ಷ ದೊಮ್ಮಲೂರಿನಲ್ಲಿ ನನ್ನ ಅಕ್ಕ ಮೊಮ್ಮಗುವನ್ನು ಆಡಿಸುತ್ತ ಅದೇ ಪದ್ಯ ಹೇಳಿದಳು — ತಿಂಗಳು ಎಂದೇ. ನೀನು ಒಳಗಿನ ಕೋಣೆಯಲ್ಲಿದ್ದೆ. ನಿನಗೆ ಕೇಳಿಸಿತೋ ಇಲ್ಲವೋ… ನಾನು ಬೇರೆ ಮಾತು ತೆಗೆದೆ. ಆವತ್ತಿನ ಮೌನಕ್ಕೆ ಮರೆವು ಎಂಬ ಹೆಸರೂ ಕೊಡಲಾರೆ.

ಏನನ್ನೂ ಸುಮ್ಮನೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆದರೆ ಸಂಶಯಪಟ್ಟದ್ದು ನಿನ್ನ ನೆನಪನ್ನು, ನನ್ನದನ್ನಲ್ಲ. ಈಗ ನನ್ನದನ್ನೂ ನಂಬಲಾರೆ: ಅಮ್ಮನ ದನಿ ಹೇಗಿತ್ತು, ಆ ಸಾಲಿಗೆ ಅವಳು ಕೈ ಎತ್ತುತ್ತಿದ್ದಳೇ — ಏನೂ ನಿಲ್ಲುವುದಿಲ್ಲ. ನಿಂತಿರುವುದು ಒಂದೇ. ತಿಂಗಳು ಎನ್ನುವಾಗ ನೀನು ಆ ‘ಳು’ವನ್ನು ನಾಲಿಗೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಿದ್ದದ್ದು. ಅದನ್ನು ಕೇಳಬೇಕು ಎನಿಸುತ್ತದೆ. ಕೇಳುವ ಹಕ್ಕು ನನಗೆಲ್ಲಿದೆ ಎಂದೂ.

ಅಪ್ಪುವಿಗೆ ಮೂರನೆಯ ಸಾಲು ಅಪ್ಪನದೆಂದೇ ಗೊತ್ತು.

ಈ ಭಾನುವಾರ ಕಾವಲಿಯ ಮುಂದೆ ನಾನು ನಿಲ್ಲುತ್ತೇನೆ. ಅದು ಅಮ್ಮನ ಸಾಲು, ಕೆಡಿಸಿದವನು ನಾನು ಎಂದು ಮಕ್ಕಳಿಗೆ ಹೇಳುತ್ತೇನೆ. ಕೊಕ್ಕರೆ ಮರ ಸೇರಿದ ಮೇಲೆ ನಿನ್ನ ಸಾಲಿಗೆ ನಾನು ಬಾಯಿ ತೆರೆಯುವುದಿಲ್ಲ. ನೀನು ಹೇಳಲೇಬೇಕೆಂದಿಲ್ಲ, ಸೆಲ್ವಿ. ಮಕ್ಕಳು ತಿನ್ನಲಿ. ಪದ್ಯ ಮುಗಿಯುವ ತನಕ ನನ್ನ ತಟ್ಟೆಯ ದೋಸೆ ಆರುತ್ತಿರಲಿ.