ಗುಲಾಬಿಯ ಸಾಲು

ಮಾರ್ಕೊ ಎಲ್ಲರಿಗೂ ಬೆರಳಿಟ್ಟು ತೋರಿಸುವ ಆ ಸಾಲಿನಲ್ಲಿ ಅವರ ತಮ್ಮನ ಹೆಸರಿಲ್ಲ. ಇದೆ ಎಂದು ಸುಳ್ಳು ಹೇಳಿದವನು ನಾನು.

ಓದುವ ದಿನಗಳಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿಯ ಫ್ರೀಮ್ಯಾಂಟಲ್‌ನ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಂದರಿನಲ್ಲಿ ದುಡಿದು ಮುದುಕರಾದವರು. ಯುರೋಪಿನ ಒಂದು ಸಣ್ಣ ದೇಶದಿಂದ ಬಂದವರು. ಆ ದೇಶದ ಪ್ರಧಾನಿಯೊಬ್ಬರ ಜೀವನಚರಿತ್ರೆಯನ್ನು ಇಲ್ಲಿನ ಕನ್ನಡ ಶಾಲೆಯ ಮಕ್ಕಳಿಗಾಗಿ ಬರೆಯುತ್ತಿದ್ದೆ — ಬೇಕರಿಯವನ ಮಗ, ಮೇಷ್ಟ್ರು, ಮಂತ್ರಿ, ಮೂರು ಸಲ ಪ್ರಧಾನಿ. ನಮ್ಮ ಮಹಾಪುರುಷರೆಲ್ಲ ಬೀದಿದೀಪದ ಕೆಳಗೆ ಓದಿದವರೇ ಅಲ್ಲವೆ? ಇವರಿಗೂ ಒಂದು ದೀಪ ಹಚ್ಚಿದೆ.

ಮಾರ್ಕೊ ಕೇಳಿದ್ದು ಒಂದೇ. "ನಮ್ಮೂರ ಬಂದರಿನ ಮುಷ್ಕರದಲ್ಲಿ ಗುಂಡು ಹಾರಿಸಿ ಅಂದವನು ಅವನೇ. ನನ್ನ ತಮ್ಮ ಆಂತೆ ಅಲ್ಲೇ ಸತ್ತ. ಅವನ ಹೆಸರು ಬರಿ."

ಬರೆದೆ. ಆಮೇಲೆ ಹೊಡೆದುಹಾಕಿದೆ. ಬ್ರಿಸ್ಬೇನಿನಲ್ಲಿ ಪುಸ್ತಕ ತಿದ್ದಿದ ಪದ್ಮಾ ಆಂಟಿ ತೆಗೆಸಿದರು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಹೇಳಿ ಹೇಳಿ ಅವರ ಕೈಯ ಕೆಂಪು ಪೆನ್ನೂ ನೆನಪಿದೆ — ಅಂಥ ಪೆನ್ನು ಇರಲೇ ಇಲ್ಲ. ಹಸ್ತಪ್ರತಿ ಅವರಿಗೆ ತಲುಪುವ ಮೊದಲೇ ಆಂತೆ ಅದರಲ್ಲಿರಲಿಲ್ಲ. ಕಥೆ ಚೆನ್ನಾಗಿ ಏರುತ್ತಿತ್ತು. ಸತ್ತವನೊಬ್ಬ ಅಡ್ಡ ಮಲಗಿದ್ದ. ದಾಟಿದೆ.

ಪುಸ್ತಕ ಬಂದಾಗ ಮಾರ್ಕೊ ಕನ್ನಡಕ ಒರೆಸಿಕೊಂಡರು. "ನಿಮ್ಮ ಅಕ್ಷರವೆಲ್ಲ ಹಡಗಿನ ಹಗ್ಗದ ಗಂಟು ಕಣೋ. ಆಂತೆ ಯಾವ ಗಂಟಿನಲ್ಲಿದ್ದಾನೆ?"

ಅವರ ಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟೆ. "ಇಲ್ಲಿ."

ಆ ಸಾಲು — 'ಪ್ರಧಾನಿಯವರಿಗೆ ಗುಲಾಬಿಯೆಂದರೆ ಪ್ರಾಣ.'

ಆ ಪುಟಕ್ಕೆ ಅವರು ಚೌಕಟ್ಟು ಹಾಕಿಸಿದರು.

ಈಗ ನಾನು ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿದ್ದೇನೆ. ಪುಸ್ತಕ ಮತ್ತೆ ಅಚ್ಚಾಗುತ್ತಿದೆ. ಆಂತೆಯ ಹೆಸರು ಸೇರಿಸಿ ಎಂದು ಪದ್ಮಾ ಆಂಟಿಗೆ ಫೋನ್ ಮಾಡಿದೆ. ಅವರ ಮೇಲೆ ಹೊರಿಸಿದ ಸುಳ್ಳನ್ನೂ ಹೇಳಿದೆ.

"ಚೆನ್ನಾಗಿದೆ ಕಣಪ್ಪ! ನೀನು ಕತ್ತರಿಸಿದ್ದು, ಕತ್ತರಿ ನನ್ನ ಕೈಗೆ. ಆದ್ರೂ ಮಕ್ಕಳ ಪುಸ್ತಕ. ಗುಲಾಬಿ ಇದ್ದಲ್ಲಿ ಈಗ ಹೆಣ ತಂದು ಹಾಕ್ತೀಯಾ?"

"ಹಾಕ್ತೀನಿ ಆಂಟಿ. ಇಲ್ದಿದ್ರೆ ನನ್ನ ಹೆಸರೂ ತೆಗೀರಿ."

ಅವರು ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೆ ಪುಸ್ತಕವೇ ಬೇಡ. ಮಹಾಪುರುಷರು ಕಡಿಮೆಯಾಗಿ ಯಾವ ಮಗುವೂ ಬಡವಾಗುವುದಿಲ್ಲ.

ಶನಿವಾರ ಪರ್ತ್‌ಗೆ, ಮಾರ್ಕೊ ಮನೆಗೆ ಹೋಗುತ್ತಿದ್ದೇನೆ. ಕ್ಷಮೆ ಕೇಳುವುದಿಲ್ಲ — ಕೇಳಿದರೆ ಕೊಟ್ಟುಬಿಡುತ್ತಾರೆ, ಆ ಮನುಷ್ಯ. ಗೋಡೆಯಿಂದ ಚೌಕಟ್ಟು ಇಳಿಸಿ, ಅವರ ಬೆರಳನ್ನು ಮತ್ತೆ ಅದೇ ಸಾಲಿನ ಮೇಲಿಟ್ಟು, ಅಲ್ಲಿ ಏನಿದೆಯೋ ಅದನ್ನೇ ಓದಿ ಹೇಳುತ್ತೇನೆ.