ಅಣ್ಣನ ಟ್ರ್ಯಾಕ್ಟರು, ನನ್ನ ಹೊಟ್ಟೆಕಿಚ್ಚು

ಭೀಮನ ಅಮಾವಾಸ್ಯೆಯ ಬೆಳಿಗ್ಗೆ ನನ್ನ ಪಾದ ತೊಳೆದು ಪೂಜೆ ಮಾಡಿದ ಹೆಂಡತಿ, ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಪಾರ್ಟಿ ಬದಲಾಯಿಸಿದಳು.

ಗಾಬರಿಯಾಗಬೇಡಿ. ಸಂಸಾರ ನೆಟ್ಟಗಿದೆ. ಅವಳು ಹೋಗಿ ಸೇರಿಕೊಂಡದ್ದು ನನ್ನ ಅಣ್ಣನ ಟ್ರ್ಯಾಕ್ಟರಿನ ಪಾರ್ಟಿಗೆ. ಅಪ್ಪನ ಕಾಲದ, ಬಣ್ಣ ಯಾವುದೆಂದು ಈಗ ಯಾರೂ ಖಚಿತವಾಗಿ ಹೇಳಲಾರದ, ಸೈಲೆನ್ಸರನ್ನು ಬೈಂಡಿಂಗ್ ವೈರಿನಲ್ಲಿ ಬಿಗಿದ ಟ್ರ್ಯಾಕ್ಟರು. ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುವುದು ಸಹಜ. ಕಬ್ಬಿಣದ ಮೇಲೆ ಪಡುವವನನ್ನು ಏನೆನ್ನಬೇಕು?

ನನ್ನ ಉರಿಗೆ ಕಾರಣವಿದೆ. ಕೇಳಿ.

ಹದಿನಾರು ಎಂಬ ಊರಿನ ನಮ್ಮ ಮನೆಯಲ್ಲಿ ಅಪ್ಪ ಹೋದ ಮೇಲೆ ಅಣ್ಣ ತಮ್ಮಂದಿರು ಭಾಗವಾದೆವು. ಜಗಳವಿಲ್ಲದೆ ಆದ ಭಾಗ. ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಪಾಲು ಮಾಡುವವನು ದೊಡ್ಡವನು, ಮೊದಲು ಆರಿಸಿಕೊಳ್ಳುವವನು ಚಿಕ್ಕವನು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನಿಗೆ ಮನುಷ್ಯರ ಗುಣ ಚೆನ್ನಾಗಿ ಗೊತ್ತಿತ್ತು. ದೊಡ್ಡವನು ಮೋಸ ಮಾಡುವ ಹಾಗಿಲ್ಲ. ಚಿಕ್ಕವನು ಆಮೇಲೆ ಗೊಣಗುವ ಹಾಗಿಲ್ಲ. (ಗೊಣಗುವ ಹಾಗಿಲ್ಲ ಅಂದದ್ದು ಪದ್ಧತಿ. ನಾನಲ್ಲ.)

ಅಣ್ಣ ಮಾದೇವಣ್ಣ ಗದ್ದೆ, ಹೊಲ, ಕೊಟ್ಟಿಗೆ ಎಲ್ಲವನ್ನೂ ನ್ಯಾಯವಾಗಿ ಎರಡು ಪಾಲು ಮಾಡಿದ. ಉಳಿದದ್ದು ಎರಡು ಟ್ರ್ಯಾಕ್ಟರು. ಒಂದು ಅಪ್ಪನದು. ಇನ್ನೊಂದು, ಭಾಗಕ್ಕೆ ಸ್ವಲ್ಪ ಮುಂಚೆ ಇಬ್ಬರೂ ಸೇರಿ ಕೊಂಡ ಹೊಚ್ಚ ಹೊಸದು. ಪವರ್ ಸ್ಟೀರಿಂಗ್, ಮೆತ್ತನೆಯ ಸೀಟು, ಮೊಬೈಲ್ ಚಾರ್ಜಿಗೆ ಜಾಗ, ನೀರಿನ ಬಾಟಲಿ ಇಡಲು ಗೂಡು, ಕೀ ತಿರುಗಿಸಿದರೆ ದಸರಾ ಲೈಟಿಂಗಿನ ಹಾಗೆ ಮಿನುಗುವ ಡ್ಯಾಶ್‌ಬೋರ್ಡು.

"ನೀನು ಚಿಕ್ಕೋನು, ಆರಿಸ್ಕೊ" ಎಂದ ಅಣ್ಣ.

ಯೋಚನೆ ಮಾಡಲು ಅದರಲ್ಲಿ ಏನಿತ್ತು? ಅವನ ಮಾತು ಮುಗಿಯುವ ಮೊದಲೇ ನನ್ನ ಬೆರಳು ಹೊಸದರ ಕಡೆಗೆ ಹೋಗಿತ್ತು. ಅಣ್ಣ "ಸರಿ ಬುಡು" ಅಂದ. ಅಷ್ಟೇ. ಆ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತಾ ಪಾಪ ಅಣ್ಣ ಅಂತ ಮರುಕಪಟ್ಟೆ. ಗೆದ್ದವನ ಮರುಕ ಎಷ್ಟು ಸುಖವಾಗಿರುತ್ತದೆ ಎಂದು ಗೆದ್ದವರಿಗಷ್ಟೇ ಗೊತ್ತು.

ಈಗ ಅಮಾವಾಸ್ಯೆಗೆ ಬರೋಣ. ನಾಲೆಗೆ ನೀರು ಬಿಟ್ಟಿದ್ದರು. ನಾಲ್ಕು ದಿನ ಬಿಟ್ಟು ನಾಲ್ಕು ದಿನ ನಿಲ್ಲಿಸುವ ಕಟ್ಟು ನೀರು. ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ನನ್ನ ಭತ್ತದ ಪೈರು ಬೆಳೆದು ಬಲಿಯತೊಡಗಿತ್ತು. ಬಲಿತ ಪೈರು ನಾಟಿ ಮಾಡಿದರೆ ಬುಡದಿಂದ ಹೊಸ ತೆಂಡೆ ಒಡೆಯುವುದಿಲ್ಲ, ಇಳುವರಿಯ ಆಸೆ ಬಿಡಬೇಕು. ನಾಟಿಯ ಹೆಂಗಸರನ್ನು ಸಣ್ಣಮ್ಮನ ಕೈಕಾಲು ಹಿಡಿದು ಗೊತ್ತುಮಾಡಿದ್ದೆ. ಸಣ್ಣಮ್ಮ ಅಂದರೆ ಆ ಗುಂಪಿನ ಮೇಸ್ತ್ರಿ. "ನಾಡಿದ್ದು ಒಂದೇ ದಿವ್ಸ ಕಣಪ್ಪ, ಆಮ್ಯಾಕೆ ನರಸೀಪುರದ್ ಕಡೆ ಒಂಟೋಯ್ತೀವಿ" ಎಂದು ಅಮಾವಾಸ್ಯೆಯ ದಿನವೇ ಖಡಾಖಂಡಿತವಾಗಿ ಹೇಳಿದ್ದಳು. ಅಂದರೆ ಅಮಾವಾಸ್ಯೆಯ ಮಾರನೆಯ ದಿನ ಕೆಸರು ಉಳುಮೆ ಮುಗಿಯಲೇಬೇಕು. ಇಲ್ಲವಾದರೆ ಪೈರೂ ಇಲ್ಲ, ಹೆಂಗಸರೂ ಇಲ್ಲ, ನೀರೂ ಇಲ್ಲ.

ಇಷ್ಟು ದೊಡ್ಡ ಕೆಲಸಕ್ಕೆ ಹೊರಟ ಗಾಡಿಗೆ ಪೂಜೆ ಬೇಡವೇ? ಅಮಾವಾಸ್ಯೆ ಬೇರೆ. ನನ್ನ ಪಾದಪೂಜೆ ಮುಗಿಸಿಕೊಂಡ ಹುರುಪಿನಲ್ಲಿ ವಾಟರ್ ಸರ್ವಿಸಿನವನಿಂದ ನೀರು ಚಿಮ್ಮಿಸುವ ಗನ್ ತರಿಸಿದೆ. ಮೈ ತೊಳೆದೆ. ಬಾನೆಟ್ ಎತ್ತಿ ಒಳಗೂ ತೊಳೆದೆ. ವಿಭೂತಿ ಪಟ್ಟೆ ಎಳೆದು ಕುಂಕುಮ ಇಟ್ಟು, ಹೂವು ಮುಡಿಸಿ, ಕಾಯಿ ಒಡೆದೆ. ಹೊರಗಡೆ ಮಾತ್ರ ಮಂಗಳ ಮಾಡಿ ಎಂಜಿನ್ನನ್ನು ಬಿಟ್ಟರೆ ಹೇಗೆ? ಕೆಲಸ ಮಾಡುವುದು ಅದೇ ತಾನೆ? ಕುಂಕುಮ ಕದಡಿದ ಒಂದು ಚೊಂಬು ನೀರಿಗೆ ಕಾಯಿನೀರು ಬೆರೆಸಿ ಬಾನೆಟ್ಟಿನ ಒಳಗೆ ಭಕ್ತಿಯಿಂದ ಪ್ರೋಕ್ಷಣೆ ಮಾಡಿದೆ. ಮಿಕ್ಕದ್ದನ್ನು ಸುರಿದೇ ಬಿಟ್ಟೆ.

ಅತ್ತ ಅಣ್ಣನೂ ಪೂಜೆ ಮಾಡಿದ. ನಾಲೆಯ ಹತ್ತಿರ ಹೋಗಿ ಬಕೆಟ್ಟಿನಲ್ಲಿ ನೀರು ಮೊಗೆದು ಎಮ್ಮೆಗೆ ಎರಚುವ ಹಾಗೆ ಎರಚಿದ. ಚಕ್ರದ ಕೆಳಗೆ ನಿಂಬೆಹಣ್ಣು. ಮುಗಿಯಿತು.

ಮಾರನೆಯ ಬೆಳಿಗ್ಗೆ ಕೆಸರಿಗೆ ಬೇಕಾದ ಕಬ್ಬಿಣದ ಕೇಜ್‌ವೀಲ್ ಕಟ್ಟಿಕೊಂಡು ಗದ್ದೆಗೆ ಹೊರಟೆ. ಮುಂದಿನ ಚಕ್ರ ಕೆಸರಿಗೆ ಇಳಿಯಿತು. ಹಿಂದಿನದು ಇನ್ನೂ ದಾರಿಯ ಮೇಲಿತ್ತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಅದರ ಪಕ್ಕದಲ್ಲಿ ಕೆಂಪು ದೀಪ. ಎಂಜಿನ್ ಒಂದು ಸಲ ಕೆಮ್ಮಿ ನಿಂತುಹೋಯಿತು. ಅದೂ ಎಲ್ಲಿ? ಗದ್ದೆಬಯಲಿಗೆ ಇಳಿಯುವ ಬಾಯಲ್ಲಿ, ಯಾರಿಗೂ ದಾರಿ ಇಲ್ಲದ ಹಾಗೆ, ಅಡ್ಡಡ್ಡ.

ನರಸೀಪುರದ ಶೋರೂಮಿಗೆ ಫೋನ್ ಮಾಡಿದೆ. "ಸರ್, ಸೆನ್ಸಾರ್ ಪ್ರಾಬ್ಲಮ್ ಇರಬೇಕು. ಲ್ಯಾಪ್‌ಟಾಪ್ ಹಾಕಿ ನೋಡಬೇಕು. ನಾಳೆ ಸಂಜೆ ಹುಡುಗ್ರು ಬರ್ತಾರೆ" ಅಂದಳು ಇನಿದನಿಯ ಒಬ್ಬಳು. ನಾಳೆ ಸಂಜೆ! ಬೆಳಿಗ್ಗೆ ಬರುವ ಸಣ್ಣಮ್ಮನ ಗುಂಪಿಗೆ ಏನು ಹೇಳಲಿ? ಲ್ಯಾಪ್‌ಟಾಪ್ ಬರುವ ತನಕ ಬದುವಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿರಿ ಎಂದೇ?

ಆಗ ಕೇಳಿಸಿತು ಆ ಸದ್ದು. ಡಬ್ ಡಬ್ ಡಬ್. ಅರ್ಧ ಮೈಲಿಯಿಂದಲೇ ಗೊತ್ತಾಗುವ ಸದ್ದು.

"ಏನ್ಲಾ, ಎಂಗೆ ನಿಂತೋಯ್ತು?" ಎಂದು ಅಣ್ಣ ಮೇಲಿನಿಂದಲೇ ಕೂಗಿದ.

"ಸೆನ್ಸಾರ್" ಅಂದೆ.

"ಯಾರು?"

"ಸೆನ್ಸಾರ್ ಅಣ್ಣ, ಸೆನ್ಸಾರ್!"

"ಯಾರಾದ್ರೂ ಆಗ್ಲಿ, ಸರಪಳಿ ಕಟ್ಟು" ಅಂದ.

ಕಟ್ಟಿದೆ. ಕೈಯಾರೆ ಕಟ್ಟಿದೆ. ನನ್ನ ಹೊಸ ಗಾಡಿಯ ಹಿಂಬದಿಗೆ ಆ ಮುದಿ ಗಾಡಿಯ ಸರಪಳಿ. ಅದು ಕಪ್ಪು ಹೊಗೆ ಉಗುಳಿ, ಮೂತಿ ಎತ್ತಿ, ನನ್ನದನ್ನು ದಾರಿಯ ಪಕ್ಕಕ್ಕೆ ಎಳೆದು ಹಾಕಿತು. ಹೂವಿನ ಹಾರ ಹಾಕಿಕೊಂಡ ನನ್ನ ಟ್ರ್ಯಾಕ್ಟರು ಮೆರವಣಿಗೆ ಹೊರಟ ಹಾಗೆ ಹಿಮ್ಮುಖವಾಗಿ ಹೊರಟಿತ್ತು. ಬದುವಿನ ಮೇಲೆ ನಿಂತ ಜನ ಸುಮ್ಮನಿರುತ್ತಾರೆಯೇ? "ಕಬ್ಣ ಅಂದ್ರೆ ಆಗಿನ್ ಕಬ್ಣ ಕಣ್ರೀ. ಈಗಿಂದು ಬರೀ ತಗಡು" ಅಂದ ಒಬ್ಬ. ಇನ್ನೊಬ್ಬ ನನ್ನ ಬಾನೆಟ್ಟನ್ನು ಬೆರಳಿನಿಂದ ಟಕಟಕ ಬಡಿದು ನೋಡಿದ. ಕಲ್ಲಂಗಡಿಯನ್ನು ಬಡಿದು ನೋಡುವುದಿಲ್ಲವೇ, ಹಾಗೆ.

ನಾನು ವಾದ ಮಾಡಿದೆ. ನನ್ನ ವಾದದಲ್ಲಿ ಹುರುಳಿದೆ, ನೀವಾದರೂ ಕೇಳಿ. ನಾವು ಚಿಕ್ಕವರಿದ್ದಾಗ ಊರಲ್ಲಿ ಇದೇ ವಯಸ್ಸಿನ ಟ್ರ್ಯಾಕ್ಟರು ಬೇರೆಯವೂ ಇದ್ದವು. ಎಲ್ಲಿ ಅವು? ಗುಜರಿಗೆ ಹೋದವು. ಒಂದರ ಹಿಂದಿನ ಟೈರು ದನಕ್ಕೆ ನೀರಿಡುವ ಬಾನಿಯಾಗಿದೆ. ಸತ್ತವು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ಉಳಿದ ಒಂದನ್ನು ತೋರಿಸಿ ಹಳೆಯವೆಲ್ಲ ಗಟ್ಟಿ ಎನ್ನುತ್ತೇವೆ. ನೂರು ತುಂಬಿದ ಒಬ್ಬ ಅಜ್ಜಿಯನ್ನು ತೋರಿಸಿ, ಆ ಕಾಲದಲ್ಲಿ ಯಾರೂ ಸಾಯುತ್ತಲೇ ಇರಲಿಲ್ಲ ಎನ್ನಬಹುದೇ?

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ನಾನು ಮಾತಾಡುತ್ತಿದ್ದಾಗ ಅಣ್ಣ ನನ್ನದೇ ಗದ್ದೆಗೆ ಇಳಿದು ನನ್ನದೇ ಉಳುಮೆ ಶುರುಮಾಡಿದ್ದ. ನಾನು ಕೇಳಿರಲಿಲ್ಲ. ಕೇಳದೆ ಮಾಡುವ ಉಪಕಾರದಷ್ಟು ಉರಿಸುವಂಥದ್ದು ಇನ್ನೊಂದಿಲ್ಲ.

ಮಧ್ಯಾಹ್ನ ನನ್ನ ಹೆಂಡತಿ ಭಾಗ್ಯ ಬುತ್ತಿ ತಂದಳು. ಮುದ್ದೆ, ಬಸ್ಸಾರು, ಒಂದು ಡಬ್ಬಿ ಮಜ್ಜಿಗೆ. ಮೊದಲ ಮುದ್ದೆ ಅಣ್ಣನ ತಟ್ಟೆಗೆ ಬಿತ್ತು. "ಭಾವ, ನೀವಿಲ್ದಿದ್ರೆ ನಮ್ ಪೈರು ಒಟ್ಲಲ್ಲೇ ಕೊಳೀತಿತ್ತು. ಮಾವನವರ ಗಾಡಿ ಅಂದ್ರೆ ಗಾಡಿ" ಅಂದಳು. ಹಿಂದಿನ ದಿನ ಪೂಜೆಗೊಂಡ ನನ್ನ ಪಾದಗಳು ಕೆಸರಿನಲ್ಲಿ ಹೂತುಕೊಂಡು ಸುಮ್ಮನೆ ಕೇಳಿಸಿಕೊಂಡವು.

ಆದರೆ ಆಗೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅಣ್ಣ ಊಟಕ್ಕೆ ಕೂತರೂ ಎಂಜಿನ್ ಆಫ್ ಮಾಡಿರಲಿಲ್ಲ. ಡಬ್ ಡಬ್ ಅಂತ ಡೀಸೆಲ್ ಕುಡಿಯುತ್ತಲೇ ಇತ್ತು.

"ಆಫ್ ಮಾಡಣ್ಣ, ಡೀಸೆಲ್ ದಂಡ" ಅಂದೆ.

"ಸೆಲ್ಪು ಓಗಿ ಯಾವ ಕಾಲ ಆಯ್ತು. ಇಳಿಜಾರಲ್ಲಿ ತಳ್ಳುದ್ರೇನೆ ಸ್ಟಾರ್ಟ್ ಆಗೋದು. ಇಲ್ಲಿ ನಿಲ್ಸುದ್ರೆ ಇಲ್ಲೇ ನಾಟಿ ಮಾಡ್ಕೋಬೇಕು ಅದನ್ನೂವೆ" ಅಂದ.

ಆಹಾ! ಆ ಬಸ್ಸಾರು ನನಗೆ ಅಷ್ಟು ಹೊತ್ತಿನ ಮೇಲೆ ರುಚಿಸಿತು. ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಹಾಗಾದರೆ ಈ ಗಟ್ಟಿ ಗಾಡಿಗೂ ಒಂದು ದಿಣ್ಣೆ ಬೇಕು! ಬಿಡಲಿಲ್ಲ, ಕೆದಕಿದೆ. ಅಪ್ಪನ ಕಾಲದ್ದು ಅದರಲ್ಲಿ ಏನೇನು ಉಳಿದಿದೆ ಹೇಳು ಅಂದೆ. ಅಣ್ಣ ಪ್ರಾಮಾಣಿಕ, ಯೋಚಿಸಿ ಹೇಳಿದ. ಎಂಜಿನ್ ಒಳಗಿನದೆಲ್ಲ ಬದಲಾಗಿದೆ. ಗೇರು ನಂಜನಗೂಡಿನ ಗುಜರಿಯದು. ಮುಂದಿನ ಚಕ್ರ ಬೇರೆ ಯಾವುದೋ ಗಾಡಿಯದು. ರೇಡಿಯೇಟರು, ಮಡ್‌ಗಾರ್ಡು, ದೀಪ ಎಲ್ಲ ಆಮೇಲೆ ಹಾಕಿದ್ದು.

"ಮತ್ತೆ ಹಳೇದು ಏನಣ್ಣ ಉಳಿದಿರೋದು?"

"ಸೀಟು" ಅಂದ. "ಅಪ್ಪ ಕೂತ್ಕೋತಿದ್ದ ತಗಡಿನ್ ಸೀಟು. ಅದ್ ಮಾತ್ರ ಮುಟ್ಟಿಲ್ಲ ಕಣ್ಲಾ."

ಆ ಸೀಟು ನನಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ಅಪ್ಪ ಅದರ ಮೇಲೆ ಕೂತು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಯಲು ಬಿಡುತ್ತಿದ್ದ. ಆ ತಗಡು ಅಪ್ಪನ ಮೈಗೆ ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆರಳು ತೋರಿಸಿದ ದಿನ ಪವರ್ ಸ್ಟೀರಿಂಗ್ ಕಂಡಿತ್ತು, ಬಾಟಲಿಯ ಗೂಡು ಕಂಡಿತ್ತು. ಸೀಟು ಕಂಡಿರಲಿಲ್ಲ. ಈಗ ಹೇಳುತ್ತೇನೆ, ಅಷ್ಟು ಹೊತ್ತು ನಾನು ಪಟ್ಟದ್ದು ಹೊಟ್ಟೆಕಿಚ್ಚೇ ಅಲ್ಲ. ಹೊಟ್ಟೆಕಿಚ್ಚು ಶುರುವಾದದ್ದೇ ಆವಾಗ.

ಸೂರ್ಯ ಮುಳುಗುವ ಮೊದಲು ಉಳುಮೆ ಮುಗಿಯಿತು. ಮಾರನೆಯ ದಿನ ಸಣ್ಣಮ್ಮನ ಗುಂಪು ಬಂದು ಸೋಬಾನೆ ಹಾಡಿಕೊಂಡು ನಾಟಿ ಮುಗಿಸಿತು. ನನ್ನ ವರ್ಷದ ಅನ್ನ ಉಳಿಯಿತು. ಉಳಿಸಿದವನಿಗೆ ಒಂದು ಥ್ಯಾಂಕ್ಸ್ ಹೇಳಲು ನಾಲಗೆ ಏಳಲಿಲ್ಲ.

ಸಂಜೆ ಶೋರೂಮಿನ ಹುಡುಗ ಬಂದ. ಬಾನೆಟ್ ಎತ್ತಿ, ಒಂದು ವೈರಿನ ಜಾಯಿಂಟ್ ಬಿಚ್ಚಿದ. ಅದರಿಂದ ಕೆಂಪು ನೀರು ತೊಟ್ಟಿಕ್ಕಿತು. ತುಕ್ಕು ಅಂದುಕೊಂಡು ಮೂಸಿ ನೋಡಿದ. ಕುಂಕುಮ. ಒರೆಸಿದ, ಊದಿದ, ಒಣಗಿಸಿದ. ಸ್ಟಾರ್ಟ್ ಆಯಿತು. ಭಾಗ್ಯ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅಣ್ಣ ಅಲ್ಲೇ ನಿಂತಿದ್ದ. "ಒಂದ್ ರೌಂಡ್ ಓಡುಸ್ಲಾ?" ಅಂತ ಕೇಳಿದ. ಕೇಳುವಾಗ ಅವನ ಮುಖ ನೋಡಬೇಕಿತ್ತು. ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನ ಮುಖ. ಹತ್ತಿದ. ಹತ್ತುವುದಕ್ಕೇ ಬಹಳ ಹೊತ್ತು ಹಿಡಿಯಿತು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಮಡ್‌ಗಾರ್ಡಿನ ಮೇಲೆ. ಮೆತ್ತನೆಯ ಸೀಟಿನಲ್ಲಿ ಕೂತು, ಒಂದೇ ಬೆರಳಿನಲ್ಲಿ ಸ್ಟೀರಿಂಗ್ ತಿರುಗಿಸಿಕೊಂಡು ನಾಲೆಯ ಏರಿಯ ಮೇಲೆ ಹೋಗಿ ಬಂದ. ಡ್ಯಾಶ್‌ಬೋರ್ಡಿನಲ್ಲಿ ಒಂದೇ ಒಂದು ಕೆಂಪು ದೀಪವೂ ಹತ್ತಲಿಲ್ಲ. ನನ್ನ ಗಾಡಿಯೂ ಅವನ ಪಾರ್ಟಿ!

"ನೀನು ಇದ್ನ ಆರಿಸ್ಕಂಡ ದಿವ್ಸ ನಂಗೆ ಎಷ್ಟ್ ಒಟ್ಟೆ ಉರೀತು ಗೊತ್ತೇನ್ಲಾ" ಎಂದ ಇಳಿಯದೆ. "ನಮ್ದು ಗಟ್ಟಿ ಅಂತಾರೆ ಜನ. ಗಟ್ಟಿನೇ. ಕುಲುಕೋ ಕುಲುಕುಗೆ ನನ್ ಸೊಂಟ ಓಯ್ತು. ಆ ಸದ್ದಿಗೆ ಕಿವಿ ಓಯ್ತು. ಡಾಕ್ಟ್ರು ಇನ್ ಮ್ಯಾಕೆ ಹತ್ಬೇಡ ಅಂದವ್ರೆ."

ಇಷ್ಟು ವರ್ಷ ಅವನು ಫೋನಿನಲ್ಲೂ ಕೂಗುವುದು ನಮ್ಮ ವಂಶದ ಗಂಟಲು ಎಂದುಕೊಂಡಿದ್ದೆ. ಹಳೆಯ ಟ್ರ್ಯಾಕ್ಟರು ಬಾಳಿಕೆ ಬರುತ್ತದೆ, ನಿಜ. ಸವೆಯುವುದನ್ನೆಲ್ಲ ಮೇಲೆ ಕೂತವನಿಗೆ ವಹಿಸಿಬಿಡುತ್ತದೆ. ಹೊಸದು ಹಾಗಲ್ಲ. ನಮ್ಮನ್ನು ಮೆತ್ತಗೆ ಕೂರಿಸಿ ತಾನೇ ಕೆಟ್ಟು ಕೂರುತ್ತದೆ.

ಇದೇ ಸಮಯ ಅಂದುಕೊಂಡು ಕೇಳಿದೆ: "ಹಂಗಾದ್ರೆ ಅದಲು ಬದಲು ಮಾಡ್ಕೊಳ್ಳೋಣ ಅಣ್ಣ. ಇದು ನಿಂಗೆ, ಅದು ನಂಗೆ."

ಅಣ್ಣ ನನ್ನ ಟ್ರ್ಯಾಕ್ಟರಿನ ಸೀಟನ್ನು ಎರಡು ಸಲ ಕೈಯಲ್ಲಿ ಒತ್ತಿ ನೋಡಿದ. ಆಮೇಲೆ ನಿಧಾನವಾಗಿ, ಸೊಂಟ ಹಿಡಿದುಕೊಂಡು ಇಳಿದ.

"ಬ್ಯಾಡ ಕಣ್ಲಾ. ಅಲ್ಲಿ ಕೂತ್ರೆ ಅಪ್ಪುನ್ ತೊಡೆ ಮ್ಯಾಲೆ ಕೂತಂಗೆ ಆಯ್ತದೆ" ಎಂದು ಹೇಳಿ, ಕುಂಟುತ್ತಾ ತನ್ನ ಗಾಡಿ ನಿಲ್ಲಿಸಿದ್ದ ಇಳಿಜಾರಿನ ಕಡೆ ನಡೆದ.

ಗಾಡಿಗಾಗಿ ಹೊಟ್ಟೆಕಿಚ್ಚು ಪಟ್ಟೆ, ಸೀಟಿಗಾಗಿ ಪಟ್ಟೆ, ಇರಲಿ. ಈಗ ಆ ಸೀಟಿನಿಂದ ಬಂದ ಅಣ್ಣನ ಸೊಂಟನೋವಿಗೂ ಹೊಟ್ಟೆಕಿಚ್ಚು ಪಡುತ್ತಿರುವ ನಾನು ಯಾವ ಡಾಕ್ಟರ ಹತ್ತಿರ ಹೋಗಲಿ?