ಕಾಲಿಗೆ ಕಟ್ಟಿದ ಸೆರಗು

ಆ ಬೇಸಿಗೆಯಲ್ಲಿ ನನಗಿದ್ದ ಕೆಲಸ, ಮಕ್ಕಳು ಬಿದ್ದು ಗಂಭೀರ ಪೆಟ್ಟಾದದ್ದೆಷ್ಟು ಎಂದು ಮನೆಮನೆಗೆ ಹೋಗಿ ಕೇಳುವುದು. ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲಿ ಉಳಿದಿದ್ದರೆ ಗಂಭೀರ, ಇಲ್ಲದಿದ್ದರೆ ಅಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತ ಈ ಅಳತೆಯ ಮೇಲೆ ನನಗೆ ಆಗಲೇ ಅನುಮಾನವಿತ್ತು. ಈಗ ನೆನಪಿನ ಮೇಲೂ ಇದೆ.

ಕಮಲಾಪುರದ ಆ ಅಂಗಳದಲ್ಲಿ ಬೇವಿನ ನೆರಳು ನೀರಿನಂತೆ ಅಲುಗುತ್ತಿತ್ತು. ಬೇವು ಅಲ್ಲೇ ಇತ್ತೋ, ಬೇರೆ ಮನೆಯದನ್ನು ನೆನಪಿನಲ್ಲಿ ಇಲ್ಲಿ ತಂದು ನೆಟ್ಟಿದ್ದೇನೋ, ಹೇಳಲಾರೆ. ಹೊರಸಿನ ಮೇಲೆ ಏಳೆಂಟು ವರ್ಷದ ಹುಡುಗಿ ಕೂತಿದ್ದಳು. ಮೊಣಕೈಗೆ ಬಿದಿರಿನ ಸೀಳಿಟ್ಟು ಬಿಗಿಯಾಗಿ ಬಟ್ಟೆ ಸುತ್ತಿದ್ದರು.

ಬಿದ್ದು ಆಸ್ಪತ್ರೆ ಸೇರಿದವರು ಇದ್ದಾರೆಯೇ ಎಂದು ಕೇಳಿದೆ. "ಇಲ್ರೀ" ಎಂದಳು ಪಕ್ಕದಲ್ಲಿದ್ದ ತಾಯಿ.

ಹೊಸ್ತಿಲಲ್ಲಿ ಕೂತಿದ್ದ ಅಜ್ಜಿ ನಕ್ಕಳು. "ಬಿದ್ದವರನ್ನ ಎಣಸಾಕ ಬಂದೀರಿ. ನಮ್ಮ ಮಾಳಿಗಿ ಏರಿ ನೀವ ಬಿದ್ರ ಯಾರ್ ಎಣಸ್ತಾರ್ರೀ ಸಾಹೇಬ್ರ?"

"ಮತ್ತೆ ಈ ಕೈ?" ಎಂದೆ.

"ನಿನ್ನಿ ರಾತ್ರಿ ಮಾಳಿಗಿ ಮ್ಯಾಲಿಂದ ಬಿದ್ದಾಳ" ಎಂದಳು ತಾಯಿ. "ಮುಂಜಾನಿ ಎಲುಬು ಕೂಡಸೋರ ಕಡಿಂದ ಕಟ್ಟಿಸೀವ್ರಿ. ದವಾಖಾನಿಗೆ ಹೋಗಿಲ್ಲ."

ಸೆಖೆಗೆ ಅಲ್ಲಿ ಎಲ್ಲರೂ ಅಂಚಿಗೆ ಕಟ್ಟೆಯಿಲ್ಲದ ಬಯಲು ಮಾಳಿಗೆಯ ಮೇಲೆ ಮಲಗುತ್ತಾರೆ. ತಾಯಂದಿರು ಸೆರಗಿನ ತುದಿಯನ್ನು ಮಗುವಿನ ಕಾಲಿಗೆ ಗಂಟು ಹಾಕಿಕೊಳ್ಳುತ್ತಾರೆ. ಮಗು ಹೊರಳಿದರೆ ಎಚ್ಚರವಾಗುತ್ತದೆ. ಅಂದು ಮಹಾಗಾಂವದಿಂದ ತಂಗಿಯ ಮಕ್ಕಳೂ ಬಂದಿದ್ದರು. ಕತ್ತಲಲ್ಲಿ ಈ ತಾಯಿ ಕಟ್ಟಿಕೊಂಡದ್ದು ತಂಗಿಯ ಮಗಳ ಕಾಲನ್ನು.

"ಜಗ್ಗಿ ನೋಡೀನ್ರೀ. ಕಾಲ ಅದ ಅಂತ ಮಕ್ಕೊಂಡೀನಿ" ಎಂದಳು.

ಹುಡುಗಿಯ ಬೆರಳುಗಳು ಊದಿ ತಣ್ಣಗಿದ್ದವು. ಆಡಿಸು ಎಂದರೆ ಆಡಲಿಲ್ಲ. ಕಟ್ಟು ರಕ್ತ ತಡೆಯುತ್ತಿದೆ, ತಡವಾದರೆ ಕೈ ಹೋಗಬಹುದು, ಈಗಲೇ ಕಲಬುರಗಿಗೆ ನಡೆಯಿರಿ ಎಂದೆ.

"ಕಟ್ಟು ಬಿಚ್ಚಿದ್ರ ಎಲುಬು ಸೊಟ್ಟ ಕೂಡ್ತದ" ಎಂದಳು ಅಜ್ಜಿ.

ತಾಯಿ ಮಗಳನ್ನು ಎತ್ತಿಕೊಂಡಳು. ಟೆಂಪೊದಲ್ಲಿ ನಾನೂ ಹತ್ತಿದೆ. ಬಿಸಿಲಿನಲ್ಲಿ ಕಪನೂರಿನ ಕಾರ್ಖಾನೆಗಳು ತೇಲಿಹೋದದ್ದು ನೆನಪಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟು ಕತ್ತರಿಸಿದರು. ಬೆರಳುಗಳ ಬಗ್ಗೆ ನಾಳೆ ಹೇಳುತ್ತೇನೆ ಎಂದು ಹುಡುಗಿಯನ್ನು ಉಳಿಸಿಕೊಂಡರು. ನನ್ನ ಅಳತೆಯ ಪ್ರಕಾರ ಅವಳು ಗಂಭೀರವಾಗಿ ಬಿದ್ದದ್ದು ಆ ಗಳಿಗೆಯಲ್ಲಿ. ನಾನು ಪಕ್ಕದ ಮನೆಗೆ ಹೋಗಿದ್ದರೆ ಅದು ಸಣ್ಣ ಪೆಟ್ಟಾಗಿಯೇ ಉಳಿಯುತ್ತಿತ್ತು, ಕೈ ಹೋಗಿದ್ದರೂ.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದೆ. ಹುಡುಗಿ ಪೆಟ್ಟಾದ ಕೈಯಿಂದಲೇ ತಾಯಿಯ ಬೆರಳು ಹಿಡಿದಿದ್ದಳು. ನಿಜವಾಗಿ ಹಿಡಿದಿದ್ದಳೋ, ಹಿಡಿಯಲಿ ಎಂದು ಬಯಸಿದ್ದಕ್ಕೆ ನನಗೆ ಹಾಗೆ ಕಂಡಿತೋ. ತಾಯಿಯನ್ನೇ ಕೇಳಿದೆ.

"ಹಿಡದಾಳ್ರೀ" ಎಂದಳು. "ನನ್ನ ಬೆರಳ ನೋಯಾಕತ್ತದ, ಇನ್ನೂ ಬಿಡವಲ್ಲಳು."